ಮೂರು ಎಣಿಸುವಷ್ಟು ಬಿಡುವು

ಮೊನ್ನೆ ಬೆಳಿಗ್ಗೆ ನೆಟ್ ಮುಗಿಸಿ, ರೇಡಿಯೊ ಆರಿಸಿ, ರಿಜಿಸ್ಟರಿನಲ್ಲಿ ಸಮಯ ಬರೆದು ಪೆನ್ನಿನ ಮುಚ್ಚಳ ಹಾಕುವ ಹೊತ್ತಿಗೆ ಫೋನು ಬಂತು. ಪ್ರತಿಮಾ ಎಂಬ ಹುಡುಗಿ. ಉಡುಪಿಯ ಕಡೆಯವಳು, ಇಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ಹವ್ಯಾಸಿ ರೇಡಿಯೊದ ಲೈಸೆನ್ಸು ಅವಳ ಕೈಗೆ ಬಂದು ಹನ್ನೊಂದೇ ದಿನ.

“ಮೇಡಂ, ಒಂದು ಕೇಳ್ಲಿಕ್ಕುಂಟು. ಬೈಬಾರ್ದು. ನೀವು ಒಬ್ಬೊಬ್ಬರ ಮಾತು ಮುಗಿದ ಮೇಲೆ ಸುಮ್ಮನೆ ಕೂತ್ಕೊಳ್ತೀರಲ್ಲ, ಯಾಕೆ? ನನ್ನ ಸೆಟ್ಟೇ ಹಾಳಾಯ್ತಾ ಅಂತ ಎರಡು ಸಲ ಬ್ಯಾಟ್ರಿ ತೆಗೆದು ಹಾಕಿದೆ ಮಾರಾಯ್ರೆ.”

“ಅದು ನಿಯಮ,” ಎಂದೆ.

“ಯಾರ ನಿಯಮ?”

“ನೆಟ್ಟಿನ ನಿಯಮ. ಮೂರು ಎಣಿಸಬೇಕು. ನೀನೂ ಎಣಿಸು.”

ಅವಳು “ಆಯ್ತು ಮೇಡಂ” ಎಂದು ಫೋನಿಟ್ಟಳು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅವಳ ಪ್ರಶ್ನೆಗೆ ಉತ್ತರವೂ ಅಲ್ಲ. ಆರು ವರ್ಷಗಳಿಂದ ಹೊಸಬರು ಯಾರು ಕೇಳಿದರೂ ಇಷ್ಟೇ ಹೇಳಿ ಮಾತು ಮುಗಿಸುತ್ತಿದ್ದೇನೆ. ಮೊನ್ನೆ ಮಾತ್ರ ಏಕೋ ಸುಮ್ಮನೆ ತಿಂಡಿಯ ಕೆಲಸಕ್ಕೆ ಏಳಲಾಗಲಿಲ್ಲ. ಕಪಾಟಿನ ಕೆಳಗಿನ ಅರೆ ಎಳೆದು ನನ್ನ ಮೊದಲನೆಯ ರಿಜಿಸ್ಟರನ್ನು ಹೊರತೆಗೆದೆ. ಖಾಕಿ ಕಾಗದದ ಹೊದಿಕೆ, ನುಸಿಗುಳಿಗೆಯ ವಾಸನೆ. ಮೇಜಿನ ಮೇಲೆ ಇಟ್ಟರೆ ಸಾಕು, ತಾನಾಗಿಯೇ ತೆರೆದುಕೊಳ್ಳುವ ಒಂದು ಪುಟ ಅದರಲ್ಲಿದೆ. ಆ ಪುಟದಲ್ಲಿ ನನ್ನ ದುಂಡು ಅಕ್ಷರದಲ್ಲಿ ಮೂರು ಸಲ ಒಂದೇ ಮಾತು ಬರೆದಿದೆ: ಅಡಚಣೆ. ಪ್ರತಿಯೊಂದರ ಪಕ್ಕದಲ್ಲೂ ಗಂಟೆ, ನಿಮಿಷ.

ಆ ಪುಟಕ್ಕೆ ಬರುವ ಮೊದಲು ನೆಟ್ ಎಂದರೇನೆಂದು ನಿಮಗೆ ಹೇಳಬೇಕು. ಊರಿನ ಬೇರೆ ಬೇರೆ ಮೂಲೆಗಳಲ್ಲಿ ಸ್ವಂತ ರೇಡಿಯೊ ಇಟ್ಟುಕೊಂಡವರು ಗೊತ್ತಾದ ಹೊತ್ತಿಗೆ ಗಾಳಿಯಲ್ಲಿ ಸೇರುವ ಹಾಜರಿ ಅದು. ನಮ್ಮದು ದಿನಾ ಬೆಳಿಗ್ಗೆ ಏಳಕ್ಕೆ. ಎತ್ತರದ ಕಟ್ಟಡವೊಂದರ ನೆತ್ತಿಯಲ್ಲಿ ರಿಪೀಟರ್ ಎಂಬ ಪೆಟ್ಟಿಗೆ ಇದೆ. ನಮ್ಮ ಕೈಸೆಟ್ಟುಗಳ ಸಣ್ಣ ದನಿಯನ್ನು ಅದು ಹಿಡಿದು, ದೊಡ್ಡದು ಮಾಡಿ, ಊರಿಗೆಲ್ಲ ಕೇಳಿಸುತ್ತದೆ. ಫೋನಿನ ಹಾಗೆ ಇಬ್ಬರೂ ಒಟ್ಟಿಗೆ ಮಾತಾಡುವಂತಿಲ್ಲ. ಗುಂಡಿ ಒತ್ತಿದವರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಇಬ್ಬರು ಒಟ್ಟಿಗೆ ಒತ್ತಿದರೆ ಕೀಂಯ್ ಎಂಬ ಕಿರಿಚು ಎದ್ದು, ಬಲವಾದ ಸೆಟ್ಟಿನವರ ಮಾತು ಮೇಲಾಗುತ್ತದೆ. ಸಣ್ಣ ಸೆಟ್ಟಿನವರದು ಅಳಿಸಿಹೋಗುತ್ತದೆ. ಆದ್ದರಿಂದ ಒಬ್ಬರು ಪಟ್ಟಿ ಹಿಡಿದು ನೆಟ್ ನಡೆಸುತ್ತಾರೆ. ಕರೆದವರು ಹಾಜರಿ ಹೇಳಿ, ಸುದ್ದಿಯಿದ್ದರೆ ಸುದ್ದಿ ಹೇಳಿ, ಸುಮ್ಮನಾಗಬೇಕು. ತುರ್ತು ಇದ್ದವರು ಮಾತ್ರ ನಡುವೆ “ಬ್ರೇಕ್” ಎಂದು ಕೂಗಬಹುದು.

ಇಂಥ ಹವ್ಯಾಸ ನನಗಾಗಿಯೇ ಹುಟ್ಟಿದ್ದೆಂದು ನಿವೃತ್ತಿಯ ವರ್ಷ ನನಗೆ ಅನ್ನಿಸಿದ್ದು ಸಹಜ. ನಾನು ಹುಟ್ಟಿದ್ದು ಬೀದರ ಕಡೆ. ಓದಿದ್ದು ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ಹಾಸ್ಟೆಲಿನಲ್ಲಿ. ಮೂವತ್ತನಾಲ್ಕು ವರ್ಷ ದುಡಿದದ್ದು ಬಾಲಾನಗರದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ. ಅಲ್ಲಿ ನನ್ನ ಕೈಯಲ್ಲಿದ್ದದ್ದು ಗೇಜು. ತಯಾರಾಗಿ ಬಂದ ತೂತಿನೊಳಗೆ ಅದರ ಒಂದು ತುದಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಸರಿಯಿದ್ದರೆ ಪಾಸು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ. ಮನೆಗೆ ಬಂದರೂ ಆ ಗೇಜನ್ನು ಕೈಯಿಂದ ಕೆಳಗಿಡುವುದಿಲ್ಲ ಎಂಬುದು ನಮ್ಮ ಮನೆಯವರ ದೂರು. ತಾರ್ನಾಕದ ನಮ್ಮ ಅಡಿಗೆಮನೆಯಲ್ಲಿ ಎಲ್ಲ ಡಬ್ಬಿಗಳಿಗೂ ಚೀಟಿ ಇದೆ, ಉಪ್ಪಿನ ಡಬ್ಬಿಗೂ ಇದೆ.

“ಉಪ್ಪು ಕಣ್ಣಿಗೆ ಕಾಣತೈತಲ್ಲ, ಅದಕ್ಯಾಕ ಚೀಟಿ?” ಎಂದು ಅವರು ಕೇಳಿದರೆ, “ಸಕ್ಕರಿ ಅಂತ ಚಾದಾಗ ಹಾಕಿದವ್ರು ಯಾರು?” ಎಂದು ನಾನು ಕೇಳುತ್ತೇನೆ. ಪಾಪ, ಒಂದೇ ಸಲ ಹಾಕಿದ್ದರು, ಅದೂ ಮೂವತ್ತು ವರ್ಷದ ಹಿಂದೆ.

ನನಗೆ ರೇಡಿಯೊ ಕಲಿಸಿದವರು ಮೆಹದಿಪಟ್ಟಣಂನ ದೇಸಾಯಿ ಮಾಸ್ತರರು. ರಾಯಚೂರಿನ ಕಡೆಯವರು, ಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು, ಬೆಳಗಿನ ನೆಟ್ಟನ್ನು ಎಷ್ಟೋ ವರ್ಷಗಳಿಂದ ನಡೆಸುತ್ತಿದ್ದವರು. ಬಸ್ಸುಗಳ ಗದ್ದಲದಿಂದ ಎರಡು ಗಲ್ಲಿ ಒಳಗೆ ಅವರ ಮನೆ. ಮಾಳಿಗೆಯ ಮೇಲೆ ಉದ್ದನೆಯ ಏರಿಯಲ್ಲು, ಅದರ ಬುಡದಲ್ಲಿ ಒಣಹಾಕಿದ ಮೆಣಸಿನಕಾಯಿ. ಭಾನುವಾರ ಹತ್ತಕ್ಕೆ ಪಾಠ. ಒಂಬತ್ತು ಐವತ್ತಕ್ಕೆ ನಾನು ಬಾಗಿಲಲ್ಲಿರುತ್ತಿದ್ದೆ. ಮಲ್ಲಪ್ಪ ಹತ್ತೂವರೆಗೆ ಬರುತ್ತಿದ್ದ.

ಮಲ್ಲಪ್ಪ ಯಾರೆಂದು ನೀವು ಸರಿಯಾಗಿ ತಿಳಿಯಬೇಕು, ಏಕೆಂದರೆ ಆ ಪುಟ ಅವನದು. ಯಾದಗಿರಿ ಕಡೆಯವನು, ಆಗ ಮೂವತ್ತರ ಆಸುಪಾಸು. ಅಣ್ಣ ಸಾಬಣ್ಣನ ಜೊತೆ ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದವನು. ಅಣ್ಣನದು ಸೆಂಟ್ರಿಂಗ್ ಕೆಲಸ, ಎಂದರೆ ಕಾಂಕ್ರೀಟು ಸುರಿಯುವ ಮೊದಲು ಹಲಗೆ, ಕಂಬ ನಿಲ್ಲಿಸುವುದು, ತಮ್ಮನದು ವೈರಿಂಗ್. ಬಾಲಾನಗರ ದಾಟಿದ ಮೇಲೆ ಕಟ್ಟುತ್ತಿದ್ದ ದೊಡ್ಡ ಕಟ್ಟಡವೊಂದರ ಪಕ್ಕ, ಕಂಪೌಂಡು ಗೋಡೆಗೆ ಆನಿಸಿದ ತಗಡಿನ ಶೆಡ್ಡುಗಳಲ್ಲಿ ಅವರ ವಾಸ. ಒಂದು ಸಲ ಮಾಸ್ತರರ ಮನೆಗೆ ವೈರು ಬದಲಿಸಲು ಬಂದವನು ಅವರ ಸೆಟ್ಟು ನೋಡಿ, “ಇದು ಏನ್ರಿ?” ಎಂದು ಕೇಳಿದ. ಮಾಸ್ತರರು ಅವನನ್ನು ಅಲ್ಲೇ ಕೂರಿಸಿಕೊಂಡರು. ಸರ್ಕಾರದ ಪರೀಕ್ಷೆ ಇಂಗ್ಲಿಷಿನಲ್ಲಿ. ಅದಕ್ಕಾಗಿ ಮಾಸ್ತರರು ಇಡೀ ಪಾಠವನ್ನು ಕನ್ನಡದಲ್ಲಿ ಕೈಯಾರೆ ಬರೆದುಕೊಟ್ಟರು. ಇಂಗ್ಲಿಷಿನ ಪದ ಬಂದಲ್ಲಿ ಅದನ್ನು ಕನ್ನಡ ಲಿಪಿಯಲ್ಲಿ ಬರೆದು ಅಡಿಗೆರೆ.

ನನ್ನ ಪೆನ್ಸಿಲನ್ನು ಮಲ್ಲಪ್ಪ ಎರವಲು ಪಡೆದು ಕಚ್ಚಿ ಹಿಂದಿರುಗಿಸುತ್ತಿದ್ದ. ನಾನು ಬೈದರೆ ನಗುತ್ತಿದ್ದ. ವಿದ್ಯುತ್ತಿನ ಸೂತ್ರಗಳೆಲ್ಲ ನನಗೆ ಬಾಯಿಪಾಠ. ಅವನಿಗೆ ಒಂದೂ ನೆನಪಿಲ್ಲ, ಆದರೆ ಉತ್ತರ ಸರಿಯಿರುತ್ತಿತ್ತು. “ಬಾಯಾರ, ನೀವು ಪುಸ್ತಕ ನೋಡಿ ಕಲ್ತೀರಿ, ನಾ ಶಾಕ್ ಹೊಡಿಸ್ಕೊಂಡು ಕಲ್ತೀನಿ,” ಎನ್ನುತ್ತಿದ್ದ. ನಮ್ಮ ಕಡೆ ಬಾಯಾರ ಎಂದರೆ ಮೇಡಂ ಎಂದ ಹಾಗೆ. ನಾವಿಬ್ಬರೂ ಒಂದೇ ದಿನ ಪರೀಕ್ಷೆ ಬರೆದೆವು, ಒಂದೇ ವಾರ ನಮ್ಮ ಲೈಸೆನ್ಸು ಬಂತು. ಅರುವತ್ತು ದಾಟಿದ ನಾನು, ಮೂವತ್ತರ ಅವನು, ಒಂದೇ ತರಗತಿಯ ಹೊಸಬರು.

ಮೊದಲ ದಿನದ ನೆಟ್ಟಿನಲ್ಲಿ ನಾನು ಹೇಳಬೇಕಾದ್ದನ್ನೆಲ್ಲ ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೆ. ಗುಂಡಿ ಒತ್ತಿ, ಒಂದು ಕ್ಷಣ ತಡೆದು, ಆಮೇಲೆ ಮಾತಾಡಬೇಕು. ಇಲ್ಲದಿದ್ದರೆ ಮೊದಲ ಅಕ್ಷರ ಕತ್ತರಿಸಿಹೋಗುತ್ತದೆ. ಅದೆಲ್ಲ ಸರಿಯಾಗಿ ಮಾಡಿದೆ. ಆದರೆ ಓದಿ ಮುಗಿಸಿದ ಮೇಲೆ ಗುಂಡಿ ಬಿಡುವುದನ್ನು ಮರೆತೆ. ಪಕ್ಕದಲ್ಲಿದ್ದ ನಮ್ಮ ಮನೆಯವರ ದನಿ ಊರಿಗೆಲ್ಲ ಹೋಯಿತು: “ಮುಗೀತೇನು ಸರ್ಕಾರಿ ಭಾಷಣ? ಚಾ ಆರಾಕತ್ತೈತಿ.” ತಕ್ಷಣ ಮಾಸ್ತರರು, “ಬಾಯಾರ, ಮೊದಲ ಚಾ ಕುಡೀರಿ, ಆಮ್ಯಾಲ ಗುಂಡಿ ಬಿಡ್ರಿ,” ಎಂದರು. ಮಲ್ಲಪ್ಪ ಎಷ್ಟು ದಿನ ಅದನ್ನು ಆಡಿ ನಕ್ಕನೋ!

ಮಾಸ್ತರರ ನೆಟ್ ನಡೆಯುವ ರೀತಿ ನನಗೆ ಒಗ್ಗಲಿಲ್ಲ. ಪಟ್ಟಿಯಲ್ಲಿ ಇದ್ದದ್ದು ಹದಿನೆಂಟು ಮಂದಿ. ತೆಲುಗಿನವರು, ಉರ್ದುವಿನವರು, ನಮ್ಮಂಥ ಮೂರು ನಾಲ್ಕು ಕನ್ನಡದವರು. ಒಬ್ಬರ ಮಾತು ಮುಗಿದ ಮೇಲೆ ಮಾಸ್ತರರು ಮುಂದಿನವರನ್ನು ಕರೆಯದೆ ಸುಮ್ಮನಿರುತ್ತಿದ್ದರು. ನಾನು ಗಡಿಯಾರ ಹಿಡಿದು ನೋಡಿದ್ದೆ. ಮೂರು ಸೆಕೆಂಡು, ಕೆಲವು ಸಲ ಐದು. ಆ ಬಿಡುವಿನಲ್ಲಿ ಏನೂ ಇರುತ್ತಿರಲಿಲ್ಲ. ಅಥವಾ ಮಲ್ಲಪ್ಪ ಇರುತ್ತಿದ್ದ.

“ಬ್ರೇಕ್, ಬ್ರೇಕ್! ಮಾಸ್ತರ, ಒಂಬತ್ತನೇ ಮಾಳಿಗಿ ಮ್ಯಾಲ ನವಿಲ ಬಂದು ಕುಂತೈತ್ರಿ!”

“ಹೌದೇನಪಾ? ಏನಂತೈತಿ?”

“ಸೆಂಟ್ರಿಂಗ್ ಭೇಷ್ ಆಗೈತಿ ಅಂತೈತ್ರಿ.”

ಹೀಗೆ. ಎತ್ತರದಲ್ಲಿ ಕೆಲಸ ಮಾಡುವವನಾದ್ದರಿಂದ ಮಳೆ ಯಾವ ದಿಕ್ಕಿಗೆ ಹೊರಟಿದೆ ಎಂಬುದು ನಮಗಿಂತ ಮೊದಲು ಅವನಿಗೆ ಕಾಣುತ್ತಿತ್ತು. ನಡುವೆ ನುಗ್ಗಿ, “ತಾರ್ನಾಕದವ್ರು ಬಟ್ಟಿ ತಕ್ಕೊಳ್ರಿ” ಎಂದು ಸಾರುತ್ತಿದ್ದ. ಒಂದು ದಿನ ನಾನು ಮಾಸ್ತರರಿಗೆ ಹೇಳಿಯೇಬಿಟ್ಟೆ: “ಮಾಸ್ತರ, ನಲವತ್ತು ನಿಮಿಷ ಹಿಡಿಯಾಕತ್ತೈತಿ. ಇಪ್ಪತ್ತರಾಗ ಮುಗಸಬಹುದು. ನಡುವ ಯಾಕ ಸುಮ್ನ ಕುಂಡ್ರತೀರಿ?”

“ಮೂರು ಎಣಸ್ತೀನ್ರಿ.”

“ಯಾಕ?”

“ಎಣಿಸಿ ನೋಡ್ರಿ, ತಿಳೀತೈತಿ,” ಎಂದು ಬೇರೆ ಮಾತಿಗೆ ಹೋದರು. ಮಾಸ್ತರರಿಗೆ ಉತ್ತರ ಗೊತ್ತಿಲ್ಲ ಎಂದುಕೊಂಡೆ.

ನನ್ನ ಲೈಸೆನ್ಸಿಗೆ ನಾಲ್ಕು ತಿಂಗಳಾದಾಗ ಮಾಸ್ತರರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಗೊತ್ತಾಯಿತು. ಕೆಲವು ದಿನ ನೆಟ್ ನಡೆಸುವವರು ಬೇಕಿತ್ತು. ಅನುಭವಿಗಳಿದ್ದರು; ಆದರೆ ಮಾಸ್ತರರು ನನ್ನನ್ನು ಕರೆದರು. “ನೀವು ವ್ಯಾಳ್ಯಾ ತಪ್ಪಂಗಿಲ್ಲ ಬಾಯಾರ. ಒಂದ ಮಾತು. ಎಣಸೂದು ಮಾತ್ರ ಬಿಡಬ್ಯಾಡ್ರಿ.” ನಾನು “ಹೂಂ” ಎಂದೆ. ತಪಾಸಣೆಯವಳ “ಹೂಂ” ಅದು. ದೊಡ್ಡವರು ಹೇಳಿದ್ದನ್ನು ಕೇಳಿಸಿಕೊಂಡೆ ಎಂದು ಅರ್ಥ, ಮಾಡುತ್ತೇನೆ ಎಂದಲ್ಲ.

ಮೊದಲ ದಿನ ಹದಿನೆಂಟು ಮಂದಿಯನ್ನು ಹತ್ತೊಂಬತ್ತು ನಿಮಿಷದಲ್ಲಿ ಮುಗಿಸಿದೆ. ಒಬ್ಬರ “ಓವರ್” ಮುಗಿಯುವ ಮೊದಲೇ ನನ್ನ ಹೆಬ್ಬೆರಳು ಗುಂಡಿಯ ಮೇಲಿರುತ್ತಿತ್ತು. ಇನ್ನು ಆಫೀಸಿಗೆ ತಡವಾಗುವುದಿಲ್ಲ ಎಂದು ಇಬ್ಬರು ಹೊಗಳಿದರು. ಸಂಜೆ ಮಾಸ್ತರರೇ ಫೋನು ಮಾಡಿ, “ಭಾಳ ಲಗೂ ಮುಗಸಿದ್ರಿ ಬಾಯಾರ,” ಎಂದರು. ಅದನ್ನೂ ಹೊಗಳಿಕೆಯ ಲೆಕ್ಕದಲ್ಲೇ ಹಿಡಿದೆ. ಮೂರನೆಯ ದಿನ ಎಲ್ಲೋ ಒಂದು ಸಣ್ಣ ಸಂದಿಯಲ್ಲಿ ಮಲ್ಲಪ್ಪ ನುಗ್ಗಿದ. “ಬ್ರೇಕ್! ಬಾಯಾರ, ಮೋಡ ಭಾಳ ಕಪ್ಪ ಆಗ್ಯಾವ್ರಿ, ಈ ಸಲದ ಮಳಿ…”

“ಇದು ತುರ್ತಲ್ಲ,” ಎಂದೆ, ಎಲ್ಲರಿಗೂ ಕೇಳುವಂತೆ. “ಮಲ್ಲಪ್ಪ, ನಿಮ್ಮ ಸರದಿ ಹದಿನೇಳು. ಸರದಿ ಬಂದಾಗ ಹೇಳಿ.”

“ತಪ್ಪಾತ್ರಿ ಬಾಯಾರ,” ಎಂದ. ಹದಿನೇಳನೆಯ ಸರದಿ ಬಂದಾಗ ಹಾಜರಿ ಮಾತ್ರ ಹೇಳಿದ. ಮೋಡದ ಮಾತು ಎತ್ತಲಿಲ್ಲ.

ಆ ರಾತ್ರಿಯಿಡೀ ಮಳೆ. ಬೆಳಗಾದರೂ ನಿಂತಿರಲಿಲ್ಲ. ಅರ್ಧ ಊರಿಗೆ ಕರೆಂಟಿಲ್ಲ. ನಾನು ಬ್ಯಾಟರಿಯ ಮೇಲೆ ಸರಿಯಾಗಿ ಏಳಕ್ಕೆ ನೆಟ್ ತೆರೆದೆ. ಇನ್ನು ಆ ಪುಟ.

ಏಳು ಗಂಟೆ ನಾಲ್ಕು ನಿಮಿಷ: ನಾಲ್ಕನೆಯವರು ಹಾಜರಿ ಹೇಳಲು ಶುರುಮಾಡುವಾಗಲೇ ಕೀಂಯ್ ಎಂಬ ಕಿರಿಚು. ಅಡಚಣೆ ಎಂದು ಬರೆದೆ. ಏಳು ಗಂಟೆ ಏಳು ನಿಮಿಷ: ಮತ್ತೆ ಅದೇ. ಅಡಚಣೆ. ಈ ಸಲ ಗುಂಡಿ ಒತ್ತಿ ಹಿಂದಿಯಲ್ಲಿ ಹೇಳಿದೆ, ಆ ಮಾತನ್ನು ಕನ್ನಡಕ್ಕೆ ತಂದರೆ ಹೀಗೆ: “ನಡುವೆ ಬರುತ್ತಿರುವ ಸ್ಟೇಷನ್ನು ಶಿಸ್ತು ಪಾಲಿಸಬೇಕು. ತನ್ನ ಸರದಿಗಾಗಿ ಕಾಯಬೇಕು.” ಏಳು ಗಂಟೆ ಒಂಬತ್ತು ನಿಮಿಷ: ಚಿಕ್ಕದೊಂದು ಟಕ್, ಯಾರೋ ಒತ್ತಿ ಬಿಟ್ಟ ಹಾಗೆ. ಅಡಚಣೆ. ಅದಾದ ಮೇಲೆ ಒಂದೂ ಇಲ್ಲ. ನನ್ನ ಮಾತಿಗೆ ಬೆಲೆ ಬಂತೆಂದು ಖುಷಿಪಟ್ಟೆ. ಇದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ನಿಜವಾಗಿಯೂ ಖುಷಿಪಟ್ಟೆ.

ಏಳು ಗಂಟೆ ಹದಿನೇಳು ನಿಮಿಷಕ್ಕೆ ಹದಿನೇಳನೆಯವನನ್ನು ಕರೆದೆ.

“ಬಾಯಾರ, ಗ್ವಾಡಿ ಬಿದ್ದೈತ್ರಿ. ಕಂಪೌಂಡಿನ ಗ್ವಾಡಿ, ನಮ್ಮ ಶೆಡ್ಡಿನ ಮ್ಯಾಲ. ಅಣ್ಣ ಅಡಿಯಾಗ ಅದಾನ. ಕಾಲ ಸಿಕ್ಕೈತಿ. ಆರು ಮಂದಿ ಎತ್ತಾಕತ್ತೀವಿ, ಏಳವಲ್ದು. ಫೋನು ಒಬ್ಬರದೂ ಹತ್ತವಲ್ದು. ಓವರ್.”

ಆ “ಓವರ್” ಇದೆಯಲ್ಲ, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಮಾಸ್ತರರು ಕಲಿಸಿದ ಹಾಗೆಯೇ, ಮಾತು ಮುಗಿಸಿ, ಸ್ಪಷ್ಟವಾಗಿ ಹೇಳಿದ್ದ.

“ಯಾವಾಗ ಬಿತ್ತು?”

“ನೀವು ನೆಟ್ ಸುರು ಮಾಡಿದ್ರಲ್ಲ, ಆಗ.”

ಆಮೇಲಿನದನ್ನು ನೆಟ್ಟೇ ಮಾಡಿತು. ಎಲ್ಲರೂ ಸುಮ್ಮನಾದರು. ಫೋನು ಕೆಲಸ ಮಾಡುತ್ತಿದ್ದ ಕಡೆಯವರು ಆಂಬುಲೆನ್ಸಿಗೂ ಅಗ್ನಿಶಾಮಕದವರಿಗೂ ಹೇಳಿದರು. ಬಾಲಾನಗರದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಒಬ್ಬರು, “ನೇನು ಬಯಲುದೇರುತುನ್ನಾ ಮೇಡಂ,” ಹೊರಟೆ ಎಂದು ತೆಲುಗಿನಲ್ಲಿ ಹೇಳಿದವರೇ, ಭಾರ ಎತ್ತುವ ಚೈನು ರಾಟೆಯನ್ನು ಟ್ರಾಲಿ ಆಟೋದಲ್ಲಿ ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ಹೊರಟರು. ಎಂಟರೊಳಗೆ ಸಾಬಣ್ಣನನ್ನು ಹೊರಗೆಳೆದಿದ್ದರು. ಜೀವ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಹದಿಮೂರು ನಿಮಿಷ. ಮೊದಲ ಕಿರಿಚಿನಿಂದ ಹದಿನೇಳನೆಯ ಸರದಿಯವರೆಗೆ. ಅಷ್ಟು ಮೊದಲೇ ಎತ್ತಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ನಾನು ವೈದ್ಯರನ್ನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಅದರ ಬದಲು ಮನಸ್ಸಿನಲ್ಲೇ ಒಂದು ವಾದ ಕಟ್ಟಿಕೊಂಡೆ: ಮಾಸ್ತರರ ನೆಟ್ಟಾಗಿದ್ದರೆ ಹದಿನೇಳನೆಯ ಸರದಿ ಬರುವಾಗ ಏಳು ಮೂವತ್ತೆಂಟು ಆಗುತ್ತಿತ್ತು, ನಾನು ಇಪ್ಪತ್ತೊಂದು ನಿಮಿಷ ಮೊದಲೇ ಅವನನ್ನು ಕರೆದೆ. ವಾದ ಒಂದು ರಾತ್ರಿ ನಿಂತಿತು. ಮಾಸ್ತರರ ನೆಟ್ಟಾಗಿದ್ದರೆ ಅವನು ಸರದಿಗೆ ಕಾಯಬೇಕಾಗಿಯೇ ಇರಲಿಲ್ಲ. ಏಳು ನಾಲ್ಕಕ್ಕೆ, ಒಬ್ಬರು ಮುಗಿಸಿ ಇನ್ನೊಬ್ಬರು ಬರುವ ನಡುವೆ, ಅವನಿಗೆ ಜಾಗವಿರುತ್ತಿತ್ತು.

ಮೋಸಂಬಿ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಕ್ಷಮೆ ಕೇಳಬೇಕೆಂದು ವಾಕ್ಯಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಸಾಬಣ್ಣ ನನ್ನನ್ನು ನೋಡಿ, “ಕುಂಡ್ರಿ ಬಾಯಾರ, ಹಾಸಿಗಿ ಮ್ಯಾಲ ಈಗ ಜಾಗಾ ಭಾಳ ಐತಿ,” ಎಂದ. ನಗಲೂ ಆಗದೆ ಕೂರಲೂ ಆಗದ ಹಾಗೆ ನಿಂತೆ. ಮಲ್ಲಪ್ಪ ನನ್ನ ಜೊತೆ ಹೊರಗಿನವರೆಗೆ ಬಂದ. “ನೀನು ಮತ್ತ ಮತ್ತ ಕರೀಬೇಕಿತ್ತು,” ಎಂದೆ. ನೋಡಿ, ಕ್ಷಮೆ ಕೇಳಲು ಹೋದವಳು ಏನು ಹೇಳಿದೆ!

ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. “ನೀವು ಕಾಯ್ರಿ ಅಂದ್ರಿ. ಕಾದ್ನಿ,” ಎಂದ.

ಜೋಡಿಸಿಕೊಂಡ ವಾಕ್ಯಗಳನ್ನು ಹಾಗೆಯೇ ಹೊತ್ತುಕೊಂಡು ಬಸ್ಸು ಹತ್ತಿದೆ.

ಮಾಸ್ತರರು ಕರಿಕನ್ನಡಕ ಹಾಕಿಕೊಂಡು ಮನೆಯಲ್ಲಿದ್ದರು. ಅವರ ಮುಂದೆ ಸೆಟ್ಟನ್ನೂ ರಿಜಿಸ್ಟರನ್ನೂ ಇಟ್ಟು, “ಇನ್ನ ನನ್ನಿಂದ ಆಗಂಗಿಲ್ರಿ ಮಾಸ್ತರ,” ಎಂದೆ. ಓದಲು ಅವರಿಗೆ ಇನ್ನೂ ಆಗುತ್ತಿರಲಿಲ್ಲ. ಆ ಪುಟವನ್ನು ನನ್ನ ಕೈಯಲ್ಲೇ ಓದಿಸಿದರು. ಓದಿದೆ. ಅವರು ತಮ್ಮ ಎಂದಿನ ಹಾಗೆ ತಡೆದು ಮಾತಾಡಿದರು.

“ಮೂರೂ ಸಲ ನಿಮಗ ಕೇಳೈತಲ್ಲ. ಕೇಳಿದ್ದಕ್ಕ ಬರದೀರಿ. ಕಿವಿ ಚಲೋ ಐತಿ ನಿಮ್ದು.”

ನಾನು ರಿಜಿಸ್ಟರು ಮುಚ್ಚಿದೆ.

“ಆ ಮೂರು ಎಣಿಕಿ ನಂದೂ ಅಲ್ಲ, ನಿಮ್ದೂ ಅಲ್ರಿ. ಯಾರದು ಅಂತ ಮೊದಲ ಗೊತ್ತಾಗಂಗಿಲ್ಲ. ಅದಕ್ಕ ಬಿಡಬೇಕು. ನಾ ನಿಮಗ ಆವತ್ತ ಬಿಡಿಸಿ ಹೇಳಬೇಕಿತ್ತು. ಎಣಿಸಿ ನೋಡ್ರಿ ಅಂದು ದೊಡ್ಡಸ್ತನಾ ಮಾಡಿದೆ. ನಂದೂ ತಪ್ಪೈತಿ.” ಆಮೇಲೆ ಸೆಟ್ಟನ್ನು ಕೈಯಿಂದ ತಡವಿ ನನ್ನ ಕಡೆಗೆ ತಳ್ಳಿದರು. “ನಾಳಿಂದ ನೆಟ್ ನೀವೇ ನಡಸ್ರಿ. ನನಗ ವಯಸ್ಸಾತು.”

“ಇದು ಶಿಕ್ಷಾ ಏನ್ರಿ ಮಾಸ್ತರ?”

“ಹೌದ್ರಿ,” ಎಂದರು. “ಮತ್ತ ಮಲ್ಲಪ್ಪಗ ಬಾಯಿಬಿಟ್ಟು ಹೇಳ್ರಿ.”

ಶಿಕ್ಷೆಯ ಮೊದಲ ಭಾಗವನ್ನು ಒಂದು ದಿನವೂ ತಪ್ಪಿಸಲಿಲ್ಲ. ಎರಡನೆಯದನ್ನು ಆರು ವರ್ಷ ಮುಂದೂಡಿದೆ. ಮಾಸ್ತರರು ತೀರಿಕೊಂಡು ಎರಡು ವರ್ಷವಾಯಿತು, ಕೊನೆಯ ಸಲ ಹೋದಾಗಲೂ, “ಹೇಳಿದ್ರಿ?” ಎಂದು ಕೇಳಿದ್ದರು. “ಹೇಳ್ತೀನ್ರಿ,” ಎಂದಿದ್ದೆ.

ಮಲ್ಲಪ್ಪ ನೆಟ್ ಬಿಡಲಿಲ್ಲ. ಈಗ ಅವನ ಕೈಕೆಳಗೆ ನಾಲ್ಕು ಜನ ವೈರಿಂಗ್ ಕೆಲಸದವರಿದ್ದಾರೆ. ಸಾಬಣ್ಣ ಕೃತಕ ಕಾಲು ಹಾಕಿಕೊಂಡು, ತಮ್ಮನ ಸೈಟುಗಳ ಗೇಟಿನಲ್ಲಿ ಕೂತು ಬರುವವರಿಗೆಲ್ಲ ಹೆಲ್ಮೆಟ್ಟು ಕೊಡುತ್ತಾನೆ. ಹಾಕಿಕೊಳ್ಳದವರನ್ನು ಒಳಗೆ ಬಿಡುವುದಿಲ್ಲ. ದಿನಾ ಬೆಳಿಗ್ಗೆ ಹದಿನೇಳನೆಯವನನ್ನು ಕರೆದಾಗ ಮಲ್ಲಪ್ಪನ ಉತ್ತರ ಒಂದೇ: “ಹಾಜರ್ ಬಾಯಾರ. ಸುದ್ದಿ ಏನಿಲ್ರಿ. ಓವರ್.” ನವಿಲು ಇಲ್ಲ, ಮಳೆ ಇಲ್ಲ. ಆರು ವರ್ಷದಲ್ಲಿ ಒಂದು ಸಲವೂ ನಡುವೆ ಬಂದಿಲ್ಲ. ನಾನು ಪ್ರತಿಯೊಬ್ಬರ ನಂತರವೂ ಮೂರು ಎಣಿಸುತ್ತೇನೆ. ಮೋಡವಿದ್ದ ದಿನ ಐದು ಎಣಿಸುತ್ತೇನೆ. ಬಿಡುವು ಖಾಲಿಯಾಗಿಯೇ ಹೋಗುತ್ತದೆ. “ನಲವತ್ತು ವರ್ಷದಾಗ ನೀ ಸುಮ್ನಿದ್ದಿದ್ದ ನಾ ನೋಡಿದ್ದಿಲ್ಲ. ಈಗ ಮುಂಜಾನೆದ್ದು ಅದನ್ನ ನೋಡಾಕ ಕುಂಡ್ರತೀನಿ,” ಎಂದು ನಮ್ಮ ಮನೆಯವರು ತಮಾಷೆ ಮಾಡುತ್ತಾರೆ. ಯಾರ ಸಲುವಾಗಿ ಸುಮ್ಮನಿರುತ್ತೇನೆ ಎಂಬುದು ಅವರಿಗೂ ಗೊತ್ತು.

ಮೊನ್ನೆ ಆ ಪುಟವನ್ನು ಮುಂದಿಟ್ಟುಕೊಂಡು ಕೂತಾಗ ನನಗೆ ಅನ್ನಿಸಿದ್ದು ಇಷ್ಟು. ಮಾಸ್ತರರು ಕಾರಣ ಹೇಳದೆ “ಎಣಿಸಿ ನೋಡ್ರಿ” ಎಂದರು, ನಾನು ಎಣಿಸಲಿಲ್ಲ. ನಾನು ಕಾರಣ ಹೇಳದೆ “ಅದು ನಿಯಮ” ಎನ್ನುತ್ತಿದ್ದೇನೆ. ನನ್ನ ನಂತರ ಪ್ರತಿಮಾಳೋ ಮತ್ತೊಬ್ಬಳೋ ಪಟ್ಟಿ ಹಿಡಿದಾಗ, ಅವಳೂ ಗಡಿಯಾರ ನೋಡಿದರೆ?

ನಿನ್ನೆ ಏಳಕ್ಕೆ ನೆಟ್ ತೆರೆದು, ಪಟ್ಟಿ ಮುಟ್ಟುವ ಮೊದಲು ಆ ಪುಟ ಓದಿದೆ. ಮೊದಲು ಹಿಂದಿಯಲ್ಲಿ, ಆಮೇಲೆ ಕನ್ನಡದಲ್ಲಿ. ಮೂರು ಸಮಯಗಳನ್ನು ಓದಿ ಹೇಳಿದೆ: “ಈ ಮೂರೂ ಹೊತ್ತಿಗೆ ನನ್ನನ್ನು ಕರೆದದ್ದು ಹದಿನೇಳನೆಯ ಸ್ಟೇಷನ್ನು. ಅವರ ಅಣ್ಣ ಗೋಡೆಯ ಕೆಳಗಿದ್ದರು. ನಾನು ಬಿಡುವು ಕೊಡಲಿಲ್ಲ. ಅಡಚಣೆ ಎಂದು ಬರೆದವಳು ನಾನು, ಸರದಿಗೆ ಕಾಯಿರಿ ಎಂದವಳು ನಾನು. ಮಲ್ಲಪ್ಪ, ತಪ್ಪು ನನ್ನದು. ಆಗಲೇ ಹೇಳಬೇಕಿತ್ತು. ನಾವು ಮೂರು ಎಣಿಸುವುದು ಇದಕ್ಕೆ.” ಗುಂಡಿ ಬಿಟ್ಟೆ. ಬರಿಯ ಗಾಳಿಯ ಸದ್ದು. ಒಂದನೆಯವರಿಂದ ಕರೆಯಲು ಶುರುಮಾಡಿದೆ. ಹದಿನೇಳಕ್ಕೆ ಬಂದು ಮಲ್ಲಪ್ಪನನ್ನು ಕರೆದೆ.

“ಹಾಜರ್ ಬಾಯಾರ. ಸುದ್ದಿ ಏನಿಲ್ರಿ. ಓವರ್.”

ಅಷ್ಟೇ. ಅದಕ್ಕಿಂತ ಹೆಚ್ಚನ್ನು ಬಯಸುವ ಹಕ್ಕು ನನಗಿರಲಿಲ್ಲ. ಪ್ರತಿಮಾ ಫೋನು ಮಾಡಲಿಲ್ಲ. ಆದರೆ ತನ್ನ ಸರದಿಯಲ್ಲಿ, ನಾನು ಕರೆದ ಮೇಲೆ ಮೂರು ಸೆಕೆಂಡು ಬಿಟ್ಟು ಗುಂಡಿ ಒತ್ತಿದಳು. ಅವಳು ಎಣಿಸಿದ್ದು ನನಗೆ ಗೊತ್ತಾಯಿತು.

ಇವತ್ತು ಬೆಳಿಗ್ಗೆ ಮೋಡ ಕವಿದಿತ್ತು. ಆರನೆಯವರು ಮುಗಿಸಿದರು. ಒಂದು ಎಣಿಸಿದೆ. ಎರಡು.

“ಬ್ರೇಕ್, ಬ್ರೇಕ್.”

ನನ್ನ ಹೆಬ್ಬೆರಳು ಗುಂಡಿಯನ್ನು ಹುಡುಕಿಕೊಳ್ಳಲು ತಡವಾಯಿತು. “ಹೇಳಪಾ ಮಲ್ಲಪ್ಪ,” ಎಂದೆ. ಅದು ಮಾಸ್ತರರ ಮಾತು, ನನ್ನ ಬಾಯಲ್ಲಿ ಹೇಗೆ ಬಂತೋ.

“ಏನಿಲ್ರಿ ಬಾಯಾರ. ಇಪ್ಪತ್ತೆರಡನೇ ಮಾಳಿಗಿ ಮ್ಯಾಲ ಅದೀನಿ. ಮಳಿ ನಿಮ್ಮ ತಾರ್ನಾಕದ ಕಡೆ ಹೊಂಟೈತ್ರಿ. ಬಟ್ಟಿ ಒಣಹಾಕಿದ್ರ ತಕ್ಕೊಳ್ರಿ. ಓವರ್.”

ತುರ್ತಿಲ್ಲದ ಮಾತು. ನಿಯಮದ ಪ್ರಕಾರ ಕೆಂಪು ಬಣ್ಣ ಬಳಿಯಬೇಕಾದದ್ದು. ರಿಜಿಸ್ಟರಿನಲ್ಲಿ ಹೊತ್ತು ಹಾಕಿ, “ಮಲ್ಲಪ್ಪ. ಮಳೆ ಬರುತ್ತಿದೆ,” ಎಂದು ಬರೆದೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ಎದ್ದು, ಬಟ್ಟೆ ತರಲು ಮಾಳಿಗೆಯ ಮೆಟ್ಟಿಲು ಹತ್ತಿದರು.

ಏಳನೆಯವರನ್ನು ಕರೆಯುವ ಮೊದಲು ಮತ್ತೆ ಎಣಿಸಿದೆ. ಈ ಸಲ ಆ ಮೂರು ಎಣಿಕೆ ನನಗೇ ಬೇಕಾಯಿತು, ದನಿ ಸರಿಹೋಗಲು. ಮೂರು ಸಾಲದೆ ಐದು ಎಣಿಸಿದೆ.